ಐದು ಕೆ.ಜಿ. ಹೆಚ್ಚು

ಫೆಬ್ರವರಿ 3, ಸೋಮವಾರ

ಈ ವರ್ಷದ ಮೊದಲ ಒಣಗಾಳಿ ಇವತ್ತು ಬೀಸಿತು. ಗುಡ್ಡದ ಕಡೆಯ ಕಿಟಕಿಯಿಂದ ಬಂದದ್ದು ಬರೀ ಧೂಳು, ಆದರೂ ಎದ್ದು ಹೋಗಿ ಕಿಟಕಿ ಮುಚ್ಚಿದೆ. ಹೋದ ವರ್ಷ ಗುಡ್ಡದ ಹುಲ್ಲಿಗೆ ಬೆಂಕಿ ಹತ್ತಿದ್ದು ಇಂಥ ಗಾಳಿಯಲ್ಲೇ.

ಸಂಜೆ ಎದುರು ಮನೆಯಲ್ಲಿ ಬೀದಿಯವರ ಸಭೆ. ಆ ಮನೆಯವರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಮೆತ್ತಗೆ ಮಾತಾಡುವುದು ಅವರಿಗೆ ಗೊತ್ತೇ ಇಲ್ಲ. ಬೀದಿಗೆಲ್ಲ ಅವರು ಸೈರನ್ ಮಾವ. ಈ ಸಲ ಯಾರೂ ಎರಡನೇ ಟ್ರಿಪ್ಪಿನ ಯೋಚನೆಯನ್ನೇ ಮಾಡಬಾರದಂತೆ. ಅರ್ಧ ಗಂಟೆಯೊಳಗೆ ಒಂದೇ ಸಲಕ್ಕೆ ಹೊರಡುವ ಹಾಗೆ ಪ್ರತಿ ಮನೆಯೂ ಸಿದ್ಧವಾಗಿರಬೇಕಂತೆ. ಹಾಗೆ ಹೇಳುವಾಗ ಎಲ್ಲರೂ ನನ್ನನ್ನೇ ನೋಡಿದರು, ಅಥವಾ ನನಗೆ ಹಾಗನ್ನಿಸಿತು.

ನೋಡಿದರೆ ತಪ್ಪೇನೂ ಇಲ್ಲ. ಹೋದ ವರ್ಷ ಎರಡನೇ ಟ್ರಿಪ್ಪಿಗೆ ಉಳಿದವರು ನಮ್ಮ ಅತ್ತೆ ಒಬ್ಬರೇ. ನನ್ನನ್ನೂ ಸಾಮಾನನ್ನೂ ಶಾಲೆಯ ಮೈದಾನದಲ್ಲಿ ಇಳಿಸಿ ಇವರು ವಾಪಸ್ಸು ಹೊರಡುವಷ್ಟರಲ್ಲಿ ರಸ್ತೆ ಮುಚ್ಚಿದ್ದರು. ಅತ್ತೆ ಮಹಡಿಯ ಮೇಲೆ ಹೊಗೆಯಲ್ಲಿ ನಾಲ್ಕು ಗಂಟೆ ಕೂತಿದ್ದರು. ಕೊನೆಗೆ ಬೆಂಕಿ ಆರಿಸುವ ಗಾಡಿಯವರೇ ಮುಖಕ್ಕೆ ಒದ್ದೆ ಟವೆಲ್ಲು ಸುತ್ತಿ ಕರೆತಂದರು. ಎಂಟು ದಿನ ಆಸ್ಪತ್ರೆ. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಮನೆಗೆ ಏನೂ ಆಗಲಿಲ್ಲ, ನಾನು ಹೊಲಿದು ನೇತುಹಾಕಿದ್ದ ಪರದೆಗಳು ಕಪ್ಪಾದವು ಅಷ್ಟೇ.

ಕಾರಿನಲ್ಲಿ ಜಾಗ ಇರಲಿಲ್ಲ. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಅದಕ್ಕೇ ಇವತ್ತು ತೀರ್ಮಾನ ಮಾಡಿದೆ. ಕಾರಿನ ಹಿಂದೆ ಕಟ್ಟಿಕೊಳ್ಳುವ ಒಂದು ಚಿಕ್ಕ ಟ್ರೇಲರ್, ನಮ್ಮ ಕೈಗೆಟುಕುವಂಥದ್ದು. ಎರಡು ಚಕ್ರ, ಮೇಲೊಂದು ಪೆಟ್ಟಿಗೆ. ಅದನ್ನು ಆರಿಸುವುದೇನು ಮಹಾ ಕೆಲಸ?

ಫೆಬ್ರವರಿ 6, ಗುರುವಾರ

ಟ್ರೇಲರ್ ಅಂಗಡಿಗೆ ಹೋಗಿದ್ದೆ. ಹೋಗುವಾಗ ತಲೆಯಲ್ಲಿ ಒಂದು ಪ್ರಶ್ನೆ ಇತ್ತು, ಬರುವಾಗ ಹದಿನಾಲ್ಕು.

ಅಂಗಡಿಯವರು ಒಳ್ಳೆಯ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ಒಂದೊಂದು ಟ್ರೇಲರನ್ನೂ ಬಾಯಿ ತುಂಬ ಹೊಗಳುತ್ತಾರೆ, ಹೊಗಳಿ ಮುಗಿದ ಮೇಲೆ ಒಂದು ‘ಆದರೆ’ ಸೇರಿಸುತ್ತಾರೆ. ಮೊದಲನೆಯದು ತಗಡಿನದು, ಮೇಲೆ ಮುಚ್ಚಳವಿಲ್ಲ, ಎಲ್ಲಕ್ಕಿಂತ ಅಗ್ಗ. ಆದರೆ ಅಂಚು ಮೊಳಕಾಲಿಗಿಂತ ಕೆಳಗೆ, ಪ್ರತಿಯೊಂದನ್ನೂ ಹಗ್ಗ ಹಾಕಿ ಬಿಗಿಯಬೇಕು. ಎರಡನೆಯದಕ್ಕೆ ಮುಚ್ಚಳವಿದೆ, ಕಿಡಿ ಒಳಗೆ ಬೀಳುವುದಿಲ್ಲ. ಆದರೆ ಮುಚ್ಚಳದ ತೂಕವೇ ಒಬ್ಬ ಮನುಷ್ಯನ ತೂಕದಷ್ಟಿದೆ. ಮೂರನೆಯದರ ಚಕ್ರ ದೊಡ್ಡದು, ಕೆಟ್ಟ ರಸ್ತೆಯಲ್ಲೂ ಹೋಗುತ್ತದೆ. ಆದರೆ ತುಂಬಿಸಿದರೆ ನಮ್ಮ ಕಾರಿಗೆ ಎಳೆಯಲಾಗದು. ನಾಲ್ಕನೆಯದನ್ನು ಮಡಚಿ ಗೋಡೆಗೆ ಒರಗಿಸಿ ನಿಲ್ಲಿಸಬಹುದು, ಆದರೆ ತಳ ಪ್ಲೈವುಡ್ಡು. ಬೆಂಕಿಗೆ ಹೆದರಿ ಓಡುವವರಿಗೆ ಪ್ಲೈವುಡ್ಡೇ ಎಂದು ಕೇಳಿದೆ. ಅದನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿದರು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಬೆಪ್ಪಾದೆ. “ನಿಮ್ಮ ಹೊರೆ ಎಷ್ಟು?” ಎಂದರು. ನಾನು, “ಮನೇಲಿ ಮೂರೇ ಜನ, ನಾನು, ಇವರು, ಅತ್ತೆ” ಎಂದೆ. ಅವರು ನಕ್ಕರು. ಜನ ಅಲ್ಲಮ್ಮ, ಸಾಮಾನು ಎಂದರು. ಮತ್ತೆ ಪೆನ್ಸಿಲ್ಲಿನಿಂದ ತಲೆ ಕೆರೆದುಕೊಂಡು, ಜನಾನೂ ಬೇಕು ಎಂದರು. ಕಾರಿನೊಳಗೆ ಕೂರುವವರು, ಖಾಲಿ ಟ್ರೇಲರ್, ಅದರಲ್ಲಿ ತುಂಬುವುದು, ಮೂರೂ ಸೇರಿ ನಮ್ಮ ಕಾರಿಗೆ 560 ಕೆ.ಜಿ. ಮೀರಬಾರದಂತೆ. ಎಲ್ಲವನ್ನೂ ತೂಗಿ ಪಟ್ಟಿ ಮಾಡಿ ತಂದರೆ ಯಾವುದು ಸರಿ ಎಂದು ಹೇಳುತ್ತಾರಂತೆ.

ಪರದೆ ಹೊಲಿಯುವವಳು ನಾನು. ಉದ್ದ ಎಷ್ಟು ಎಂದು ಕೇಳಿ, ಅಗಲ ಎಷ್ಟು ಎಂದು ಕೇಳಿ, ಟೇಪಿಲ್ಲದೆ ಕಣ್ಣಳತೆಯಲ್ಲೇ ಹೇಳುತ್ತೇನೆ. ತೂಕ ಕೇಳಿದರೆ ಏನು ಹೇಳಲಿ?

ಫೆಬ್ರವರಿ 11, ಮಂಗಳವಾರ

ತಲೆ ಮೊಸರುಗಡಿಗೆಯಾಗಿದೆ.

ಮೂಲೆಯ ವೆಲ್ಡಿಂಗ್ ಅಂಗಡಿಯವರ ಪ್ರಕಾರ ಹೊಸದು ಕೊಳ್ಳುವುದು ಮೂರ್ಖತನ, ಹಳೇ ಕಾರಿನ ಚಕ್ರದ ಅಚ್ಚು ತಂದುಕೊಟ್ಟರೆ ಅವರೇ ಒಂದು ಮಾಡಿಕೊಡುತ್ತಾರೆ. ಸೈರನ್ ಮಾವನ ಪ್ರಕಾರ ವೆಲ್ಡಿಂಗ್ ಅಂಗಡಿಯವರ ಮಾತು ಕೇಳುವುದು ಮೂರ್ಖತನ. ಸ್ಟೆಪ್ನಿ ಇಲ್ಲದ ಟ್ರೇಲರ್ ಬೇಡವೇ ಬೇಡ ಎಂದು ಅವರು ರಸ್ತೆಯ ಆ ಕಡೆಯಿಂದಲೇ ಕೂಗಿ ಹೇಳಿದರು. ಭಾರವಾದದ್ದನ್ನು ಮುಂದಿಡಬೇಕು ಎಂದು ಒಬ್ಬರು, ಚಕ್ರದ ಮೇಲಿಡಬೇಕು ಎಂದು ಇನ್ನೊಬ್ಬರು. ಹಿಂದೆ ಇಟ್ಟರೆ ಗಾಡಿ ಬಾಲ ಅಲ್ಲಾಡಿಸಿ ಕಾರನ್ನೇ ಉರುಳಿಸುತ್ತದೆ ಎನ್ನುವುದನ್ನು ಮಾತ್ರ ಇಬ್ಬರೂ ಒಪ್ಪಿದರು.

ಇವರಿಗೆ ಯಾವುದಾದರೂ ಸರಿ. ಬಸ್ ಡಿಪೋದಲ್ಲಿ ದಿನವಿಡೀ ಗಾಡಿಗಳ ಜೊತೆ ಏಗಿ ಬರುವವರಿಗೆ ಮನೆಯಲ್ಲೂ ಗಾಡಿಯ ಮಾತು ಬೇಡವಾಗಿರಬೇಕು. ನೀನು ಹೇಳಿದ್ದೇ ಆಗಲಿ ಅನ್ನುತ್ತಾರೆ. ನಾನು ಏನಾದರೂ ಹೇಳಿದ್ದರೆ ತಾನೇ?

ಅತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದರು. ಆ ಗಾಡಿಯಲ್ಲಿ ಜನ ಕೂರಬಹುದಾ ಎಂದು. ಕೂರುವ ಹಾಗಿಲ್ಲ, ಬರೀ ಸಾಮಾನಿಗೆ ಎಂದೆ. ಹೌದಾ ಎಂದರು.

ಫೆಬ್ರವರಿ 16, ಭಾನುವಾರ

ಇಡೀ ದಿನ ತೂಗಿದ್ದೇ ತೂಗಿದ್ದು. ಬಚ್ಚಲ ಮನೆಯ ತೂಕದ ಯಂತ್ರವನ್ನು ನಡುಮನೆಗೆ ತಂದಿಟ್ಟೆ. ಮೆಷಿನ್ನುಗಳು ಅದರ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಇವರು ಅವನ್ನು ಒಂದೊಂದಾಗಿ ಎತ್ತಿಕೊಂಡು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಕಳೆದು ಹೇಳಿದರು. ನಾನು ಆರ್ಡರ್ ಚೀಟಿಯ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮೆಷಿನ್ ಮೇಜು ಸೇರಿ 41. ಹೊಲಿಗೆ ಮೆಷಿನ್ 32. ಬಟ್ಟೆಯ ರೋಲುಗಳು 60. ನೀರಿನ ಎರಡು ಕ್ಯಾನು 40. ಹಾಸಿಗೆ ಹೊದಿಕೆ 18. ಒಲೆ, ಪಾತ್ರೆ 20. ಕಾಗದಪತ್ರ, ಔಷಧಿಯ ಪೆಟ್ಟಿಗೆ 14. ಇವರು 78, ನಾನು 63. ಎಲ್ಲ ಮುಗಿದ ಮೇಲೆ ಅತ್ತೆಯ ನೆನಪಾಗಿ ಕರೆದೆ, 54. ಪಟ್ಟಿಯ ಕೊನೆಯಲ್ಲಿ, ಎಲ್ಲದರ ಕೆಳಗೆ ಜಾಗವಿತ್ತು, ಅಲ್ಲೇ ಬರೆದೆ.

ಅಂಗಡಿಯವರು ಹೇಳಿದ್ದ ಖಾಲಿ ಟ್ರೇಲರಿನ 145 ಸೇರಿಸಿದರೆ ಒಟ್ಟು 565. ಐದು ಕೆ.ಜಿ. ಹೆಚ್ಚು!

ಊಟದ ಹೊತ್ತಿಗೂ ಅದೇ ಚಿಂತೆ. ಬಟ್ಟೆ ಗಿರಾಕಿಗಳದ್ದು, ಬಿಡುವ ಹಾಗಿಲ್ಲ. ನೀರು ಬಿಟ್ಟರೆ ಸೈರನ್ ಮಾವ ಬೈಯುತ್ತಾರೆ. ಎಲ್ಲಿಂದಾದರೂ ಐದು ಕೆ.ಜಿ. ಇಳಿಸಲೇಬೇಕು ಎಂದೆ. ಇವರು ತಮ್ಮ ಹೊಟ್ಟೆ ತಟ್ಟಿಕೊಂಡು, ಇದನ್ನ ಇಳಿಸಿದ್ರೆ ಆಯ್ತಲ್ಲ ಎಂದರು. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಬಹಳ ದಿನದ ಮೇಲೆ ಮೇಜಿನ ಸುತ್ತ ನಗು ಕೇಳಿಸಿತು.

ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಮೆಷಿನ್ನುಗಳನ್ನು ಬಿಟ್ಟರೆ ಆಗದೇ ಎಂದು ಇವರು ಕೇಳಿದರು. ಓವರ್‌ಲಾಕ್ ಇಲ್ಲದೆ ನನ್ನ ಕೆಲಸ ಇಲ್ಲ, ಅದು ಇವರಿಗೂ ಗೊತ್ತು. ಹೋದ ವರ್ಷವೂ ಅದನ್ನು ಉಳಿಸಿದ್ದರಿಂದಲೇ ಮರುವಾರ ಹೊಲಿಗೆಗೆ ಕೂತೆ. ಅಲ್ಲದೆ ಆಗ ಮೆಷಿನ್ ಮೊದಲು ಹೋಗಲಿ ಎಂದದ್ದು ಅತ್ತೆಯೇ. ನಾನಲ್ಲ.

ಫೆಬ್ರವರಿ 22, ಶನಿವಾರ

ಹಳೆಯ ಟ್ರೇಲರೊಂದು ಮಾರಾಟಕ್ಕಿದೆ ಎಂದು ಕೇಳಿ ಹೋದೆವು. ನೋಡಲು ಗಟ್ಟಿಯಾಗಿತ್ತು. ಇವರು ಕೆಳಗೆ ಬಗ್ಗಿ ಬೆರಳಿಟ್ಟರೆ ತುಕ್ಕಿನಲ್ಲಿ ಬೆರಳು ಆ ಕಡೆ ಹೋಯಿತು. ಮಾರುವವರು, ಅಲ್ಲಿ ತೂತು ಮೊದಲಿಂದಲೂ ಇದೆ ಎಂದರು, ಅದೇ ಒಂದು ಗುಣ ಅನ್ನುವ ಹಾಗೆ.

ದೊಡ್ಡ ಹೋಟೆಲೊಂದರ ಪರದೆಯ ಆರ್ಡರ್ ಬಂದಿದೆ. ಬೆಳಗಿನಿಂದ ಅಂಚು ಹೊಲಿದು ಬೆನ್ನು ಮುರಿದಿದೆ. ಅತ್ತೆ ಊಟ ಅರ್ಧಕ್ಕೇ ಬಿಟ್ಟರು. ಸೆಖೆಗೆ ಸೇರುತ್ತಿಲ್ಲವಂತೆ.

ಫೆಬ್ರವರಿ 27, ಗುರುವಾರ

ಮುಚ್ಚಳ ಇರುವುದೋ ಇಲ್ಲದ್ದೋ? ಮೀನಮೇಷ ಎಣಿಸುತ್ತಲೇ ತಿಂಗಳು ಮುಗಿಯಿತು. ಅತ್ತೆ ಬೆಳಗಿನ ತಿಂಡಿ ಬೇಡವೆಂದರು. ಗಾಳಿ ಜೋರಾಗಿದೆ.

ಮಾರ್ಚ್ 2, ಭಾನುವಾರ

ಅತ್ತೆಯ ನೀಲಿ ನಿಲುವಂಗಿ ಭುಜದಿಂದ ಜಾರುತ್ತಿತ್ತು. ತೆಗೆದುಕೊಂಡು ಎರಡೂ ಪಕ್ಕ ಒಂದೊಂದು ಬೆರಳು ಒಳಗೆ ಹಿಡಿದು ಹೊಲಿದುಕೊಟ್ಟೆ. ಕಳೆದ ವರ್ಷ ನಾನೇ ಅಳತೆ ತೆಗೆದು ಹೊಲಿದದ್ದು, ಇಷ್ಟು ಸಡಿಲ ಹೇಗಾಯಿತೋ. ಈ ಬಟ್ಟೆ ಒಗೆದಷ್ಟೂ ಹಿಗ್ಗುತ್ತದೆ ಎಂದು ಕಾಣುತ್ತದೆ. ಆ ಅಂಗಡಿಯಿಂದ ಇನ್ನು ಬಟ್ಟೆ ತರಬಾರದು. ಅತ್ತೆ ಅಂಗಿಯನ್ನು ಹಾಕಿಕೊಂಡು, ಸರಿಯಾಯ್ತಾ, ಸಣ್ಣ ಕಾಣ್ತೀನಾ ಎಂದು ಕೇಳಿದರು. ಈ ವಯಸ್ಸಿನಲ್ಲಿ ಎಂಥ ಆಸೆ ಎಂದು ಮನಸ್ಸಿನಲ್ಲೇ ನಕ್ಕೆ. ಹ್ಞೂಂ ಅತ್ತೆ, ಸಣ್ಣ ಕಾಣ್ತೀರಿ ಎಂದೆ. ಅವರಿಗೆ ತುಂಬ ಸಂತೋಷವಾಯಿತು.

ಮಾರ್ಚ್ 5, ಬುಧವಾರ

ಎಲ್ಲ ಮತ್ತೆ ಮೊದಲಿನಿಂದ. ಹೋಟೆಲಿನವರ ಬಟ್ಟೆ ಬಂದಿದ್ದರಿಂದ ರೋಲುಗಳ ತೂಕ ಬದಲಾಗಿರಬಹುದೆಂದು ಇನ್ನೊಮ್ಮೆ ಎಲ್ಲವನ್ನೂ ತೂಗಿದೆ. ಹಳೆಯ ರೋಲು ಕೆಲವು ಖರ್ಚಾಗಿ ಮತ್ತೆ 60ಕ್ಕೇ ಬಂತು. ಅತ್ತೆ ನಿಂತಾಗ 50.5 ತೋರಿಸಿತು. ಎರಡೂವರೆ ವಾರದಲ್ಲಿ ಮೂರೂವರೆ ಕೆ.ಜಿ. ಹೇಗೆ ಮಾಯವಾಗುತ್ತದೆ? ಯಂತ್ರ ಕೆಟ್ಟಿದೆ ಎಂದುಕೊಂಡು ನೀರಿನ ಕ್ಯಾನು ಇಟ್ಟು ನೋಡಿದೆ, ಸರಿಯಾಗಿ 20. ನಾನು ನಿಂತೆ, 63. ಇವರನ್ನು ನಿಲ್ಲಿಸಿದೆ, 78, ಹೊಟ್ಟೆ ಇದ್ದಲ್ಲೇ ಇದೆ. ಅತ್ತೆಯನ್ನು ಮತ್ತೆ ನಿಲ್ಲಿಸಿದೆ, 50.5. ಬ್ಯಾಟರಿ ಬದಲಾಯಿಸು ಎಂದರು ಇವರು. ಬದಲಾಯಿಸಿದೆ. 50.5.

ತಲೆಬುಡ ಅರ್ಥವಾಗುತ್ತಿಲ್ಲ. ಮೊದಲ ದಿನ ನಾನೇ ತಪ್ಪು ಓದಿರಬೇಕು. ಹಾಗಿದ್ದರೆ ಒಳ್ಳೆಯದೇ ಆಯಿತು, ಮೂರೂವರೆ ಕೆ.ಜಿ. ಪುಕ್ಕಟೆ ಸಿಕ್ಕಿತು. ಪಟ್ಟಿಯಲ್ಲಿ 54 ಹೊಡೆದುಹಾಕಿ ಹೊಸದು ಬರೆದೆ. ಇನ್ನೊಂದೂವರೆ ಇಳಿದರೆ ಸಾಕು ಎಂದು ಬಾಯಿಬಿಟ್ಟು ಹೇಳಿದೆ ಕೂಡ.

ಮಾರ್ಚ್ 9, ಭಾನುವಾರ

ಇವತ್ತಿನದನ್ನು ಬರೆಯಬೇಕೋ ಬೇಡವೋ ತಿಳಿಯುತ್ತಿಲ್ಲ.

ಮಧ್ಯಾಹ್ನ ಇವರು ಡಿಪೋಗೆ ಹೋಗಿದ್ದರು. ಕತ್ತರಿ ಹುಡುಕಿಕೊಂಡು ನಡುಮನೆಗೆ ಬಂದೆ. ಅತ್ತೆ ತೂಕದ ಯಂತ್ರದ ಮೇಲೆ ನಿಂತಿದ್ದರು. ಚಪ್ಪಲಿ ಬಿಟ್ಟಿದ್ದರು, ಮೇಲಂಗಿ ತೆಗೆದು ಕುರ್ಚಿಯ ಮೇಲೆ ಹಾಕಿದ್ದರು. ಕನ್ನಡಕವನ್ನೂ ತೆಗೆದು ಕಪಾಟಿನ ಮೇಲಿಟ್ಟಿದ್ದರು. ಕನ್ನಡಕವಿಲ್ಲದೆ ಅವರಿಗೆ ಅಷ್ಟು ದೂರದ ಅಂಕಿ ಕಾಣುವುದಿಲ್ಲ. ನನ್ನ ಹೆಜ್ಜೆ ಕೇಳಿ, ಎಷ್ಟಿದೆ ನೋಡಮ್ಮ ಎಂದರು.

ನಲವತ್ತೊಂಬತ್ತು ಎಂದೆ.

“ಐದಾಯ್ತಲ್ಲ. ಈಗ ಒಂದೇ ಸಲಕ್ಕೆ ಎಲ್ಲರೂ ಹೋಗಬಹುದಾ?”

ಯಾವ ಐದು ಎಂದು ಕೇಳಿದೆ. ಅತ್ತೆ ಫ್ರಿಜ್ಜಿನ ಕಡೆ ಕೈ ತೋರಿಸಿದರು. ಮೂರು ವಾರದಿಂದ ಅವರು ಅರ್ಧ ಬಿಟ್ಟ ತಟ್ಟೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನೀಲಿ ಅಂಗಿಯ ಪಕ್ಕ ಹಿಡಿದು ಹೊಲಿದದ್ದು ನಾನೇ. ಬಟ್ಟೆ ಹಿಗ್ಗಿದೆ ಎಂದುಕೊಂಡಿದ್ದೆ. ದಿನವಿಡೀ ಜನರ ಕಿಟಕಿಗಳನ್ನು ಅಳೆಯುವವಳಿಗೆ ಎದುರಿಗಿರುವ ಮನುಷ್ಯರು ಕರಗುತ್ತಿರುವುದು ಗೊತ್ತಾಗಲಿಲ್ಲ. ನಾಚಿಕೆಯಾಯಿತು, ಭಯವಾಯಿತು, ಅವರ ಮೇಲೆ ಸಿಟ್ಟೂ ಬಂತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೂತವಳು ಒಂದು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದೆ. ಹೋದ ವರ್ಷ ಕಾರಿನಲ್ಲಿ ಜಾಗ ಇತ್ತು ಅತ್ತೆ ಎಂದೆ. ಹಿಂದಿನ ಸೀಟಿನಲ್ಲಿ ನಿಮ್ಮ ಜಾಗಕ್ಕೆ ಓವರ್‌ಲಾಕ್ ಮೆಷಿನ್ ಇಟ್ಟೆ ಎಂದೆ. ಇವರು ಆಗ ಮನೆಯ ಮಾಡಿಗೆ ನೀರು ಹಾಯಿಸುತ್ತಿದ್ದರು, ಇಟ್ಟದ್ದನ್ನು ನೋಡಲಿಲ್ಲ, ಬಂದಾಗ ಜಾಗ ಇಲ್ಲ ಎಂದೆ, ನಂಬಿದರು. ಹತ್ತೇ ನಿಮಿಷದಲ್ಲಿ ವಾಪಸ್ಸು ಬರುತ್ತೇವಲ್ಲ ಎಂದುಕೊಂಡಿದ್ದೆ.

ಅತ್ತೆ ಯಂತ್ರದಿಂದ ಇಳಿದು, ಕನ್ನಡಕ ಹುಡುಕಿ ಹಾಕಿಕೊಂಡರು.

“ನನಗೆ ಗೊತ್ತಿಲ್ವಾ? ಮೆಷಿನ್ನಿನ ಆ ಕಡೆ ತುದಿ ಹಿಡ್ಕೊಂಡು ಸೀಟಿಗೆ ಇಟ್ಟವಳು ನಾನೇ ಅಲ್ವಾ.”

ನಾನು ತಲೆಯೆತ್ತಲಿಲ್ಲ. ಮೊದಲು ಮೆಷಿನ್ ಹೋಗಲಿ ಅಂತ ನೀವೇ ಹೇಳಿದ್ರಿ ಎಂದೆ. ಈಗಲೂ ಆ ಮಾತು ಬಾಯಿಗೆ ಬಂತಲ್ಲ ಎಂದು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

“ಹೇಳಿದೆ. ಹೇಳಿದ್ದು ನಿಜ,” ಎಂದರು ಅತ್ತೆ. ಸ್ವಲ್ಪ ಕೆಮ್ಮಿದರು. “ನೀನು ಒಂದು ಸಲ ಬೇಡ ಅಂತೀಯ ಅಂದ್ಕೊಂಡಿದ್ದೆ.”

ಅಷ್ಟೇ. ಧ್ವನಿಯಲ್ಲಿ ದೂರು ಇರಲಿಲ್ಲ. ಮೇಲಂಗಿ ಹಾಕಿಕೊಂಡು, ಗುಂಡಿ ಹಾಕಿಕೊಳ್ಳುತ್ತಾ ತಮ್ಮ ಕೋಣೆಗೆ ಹೋದರು. ನಾನು ಎಷ್ಟು ಹೊತ್ತು ನೆಲದ ಮೇಲಿದ್ದೆನೋ ಗೊತ್ತಿಲ್ಲ. ಇವರು ಬಂದಾಗ ಏನಾಯಿತು ಎಂದು ಕೇಳಿದರು, ಎಲ್ಲವನ್ನೂ ಹೇಳಿದೆ. ಇವರು ಫ್ರಿಜ್ಜಿನ ಮೇಲಿನ ಪಟ್ಟಿ ಕಿತ್ತರು, ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರ್ಚ್ 11, ಮಂಗಳವಾರ

ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಾವಾಗಿನಿಂದ ಊಟ ಕಡಿಮೆಯಾಗಿದೆ ಎಂದು ಕೇಳಿದರು. ನನ್ನ ಚೀಲದಲ್ಲಿ ಈ ಪುಸ್ತಕವಿತ್ತು. ಫೆಬ್ರವರಿ 22, ಫೆಬ್ರವರಿ 27, ಮಾರ್ಚ್ 2, ಮಾರ್ಚ್ 5 ಎಂದು ಓದಿ ಹೇಳಿದೆ. ಇಷ್ಟು ಚೆನ್ನಾಗಿ ಗಮನಿಸಿದೀರಲ್ಲ ಎಂದು ಡಾಕ್ಟರು ಮೆಚ್ಚಿಕೊಂಡರು. ರಕ್ತ ಸ್ವಲ್ಪ ಕಡಿಮೆಯಿದೆ, ಬೇರೇನೂ ಗಾಬರಿಯಿಲ್ಲವಂತೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ ತಿನ್ನಿಸಬೇಕು.

ಬರುವ ದಾರಿಯಲ್ಲಿ ಟ್ರೇಲರ್ ಅಂಗಡಿಯವರು ಫೋನ್ ಮಾಡಿದರು. ಹೊರೆ ಎಷ್ಟಾಯಿತು, ತೀರ್ಮಾನ ಆಯಿತಾ ಎಂದರು. ಮೂರು ಜನ ಕಾರಿನಲ್ಲಿ ಆರಾಮಾಗಿ ಕೂತ ಮೇಲೆ ಎಷ್ಟು ಮಿಗುತ್ತದೋ ಅಷ್ಟು ಹಿಡಿಯುವಂಥದ್ದು ಕೊಡಿ ಎಂದೆ. ಹಾಗಾದ್ರೆ ಚಿಕ್ಕದೇ ಸಾಕು, ಮೊದಲ ದಿನ ನೋಡಿದ್ರಲ್ಲ, ತಗಡಿನದು ಎಂದರು. ಸರಿ ಎಂದೆ. ಅವರು ‘ಆದರೆ’ ಎಂದು ಏನೋ ಶುರು ಮಾಡಿದರು, ನಾನು ಫೋನ್ ಇಟ್ಟೆ.

ಮಾರ್ಚ್ 12, ಬುಧವಾರ

ಅತ್ತೆ ಬೆಳಗ್ಗೆ ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ. ಹನ್ನೊಂದಕ್ಕೆ ಹಾಲು. ಮಧ್ಯಾಹ್ನ ಮುಕ್ಕಾಲು ತಟ್ಟೆ. ನಾನು ಎದುರಿಗೆ ಕೂತು ನೋಡುತ್ತಿದ್ದರೆ ನುಂಗುವುದಕ್ಕಾಗುವುದಿಲ್ಲ ಎಂದರು. ಅದಕ್ಕೆ ಪಕ್ಕಕ್ಕೆ ಕೂತೆ.

ಮಾರ್ಚ್ 15, ಶನಿವಾರ

ಸೈರನ್ ಮಾವನ ಕವಾಯತು. ಹತ್ತು ಗಂಟೆಗೆ ಅವರು ನಿಜವಾಗಿಯೂ ಒಂದು ಸೈರನ್ ತಂದು ಊದಿಸಿದರು. ಅರ್ಧ ಗಂಟೆಯೊಳಗೆ ಇಡೀ ಬೀದಿ ಗಾಡಿ ಹತ್ತಿ ಶಾಲೆಯ ಮೈದಾನ ಸೇರಬೇಕು.

ನಮ್ಮ ಟ್ರೇಲರ್ ನಿನ್ನೆಯಷ್ಟೇ ಬಂದಿದೆ. ಹಿಂದಿನ ದೀಪದ ವೈರು ಕೂಡಿಸಿಲ್ಲ, ಇಂಡಿಕೇಟರ್ ಎಡಕ್ಕೆ ಹಾಕಿದರೆ ಬಲಕ್ಕೆ ಮಿಣುಕುತ್ತದೆ. ಇವರು ನೀರಿನ ಕ್ಯಾನು, ಹಾಸಿಗೆ, ಪೆಟ್ಟಿಗೆ ಇಟ್ಟು ಹಗ್ಗ ಬಿಗಿಯುತ್ತಿದ್ದರು. ಹೊಲಿಗೆ ಮೆಷಿನ್ ಹಿಡಿಸಿತು. ಓವರ್‌ಲಾಕ್ ಹಿಡಿಸುತ್ತದೋ ಇಲ್ಲವೋ ನೋಡೋಣವೆಂದು ನಾನೂ ಅತ್ತೆಯೂ ಎರಡೂ ಕಡೆ ಹಿಡಿದು ಹೊರಗೆ ತಂದೆವು. ಟ್ರೇಲರಿನಲ್ಲಿ ಜಾಗ ಸಾಲಲಿಲ್ಲ. ಕಾರಿನ ಹಿಂದಿನ ಬಾಗಿಲು ತೆರೆದಿತ್ತು, ಸೀಟು ಖಾಲಿಯಿತ್ತು. ಅತ್ತೆ ಒಮ್ಮೆ ಆ ಕಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

“ಮೊದಲು ಇದು ಹೋಗಲಿ ಬಿಡು. ಇವತ್ತು ಹೇಗೂ ಸುಮ್ಮನೆ ಕವಾಯತು ತಾನೇ. ನಾನು ಆಮೇಲೆ ಎದುರು ಮನೆಯವರ ಜೊತೆ ಬರ್ತೀನಿ.”

“ಬೇಡ,” ಎಂದೆ.

ಅದು ಎಷ್ಟು ಜೋರಾಗಿ ಬಂತೆಂದರೆ ಬೀದಿಯವರೆಲ್ಲ ತಿರುಗಿ ನೋಡಿದರು. ಸೈರನ್ ಮಾವ ಕೂಡ ಸುಮ್ಮನಾದರು. ಅತ್ತೆಗೆ ಮುಜುಗರವಾಗಿ, ಅಷ್ಟು ಕೂಗೋದ್ಯಾಕೆ ಎಂದು ಗೊಣಗಿದರು. ನಾನು ಮೆಷಿನ್ನಿನ ನನ್ನ ಕಡೆಯ ತುದಿಯನ್ನು ಕೆಳಗಿಳಿಸಿದೆ. ಅವರೂ ಇಳಿಸಲೇಬೇಕಾಯಿತು. ಅದನ್ನು ಅಲ್ಲೇ ಗೇಟಿನ ಹತ್ತಿರ ಬಿಟ್ಟೆವು. ಯಾರಾದರೂ ಒಯ್ದರೆ ಒಯ್ಯಲಿ ಎಂದು ಆ ಕ್ಷಣ ಅನ್ನಿಸಿದ್ದು ನಿಜ.

ಅತ್ತೆ ಕಿಟಕಿಯ ಪಕ್ಕ ಬೇಕೆಂದರು. ಹತ್ತಿ ಕೂತಾಗ ಕಾರು ಆ ಕಡೆಗೆ ಸ್ವಲ್ಪ ತಗ್ಗಿತು. ಎಷ್ಟು ತಗ್ಗಿತೆಂದು ನಾನು ನೋಡಲಿಲ್ಲ.